ಕೈಗೆಟುಕದ ಅವರೆ

ಅವರೆಕಾಯಿ ಸುಲಿದ ಕೈಯನ್ನು ಎಷ್ಟು ಸೋಪು ಹಾಕಿ ತೊಳೆದರೂ ಆ ದಿನವೆಲ್ಲ ವಾಸನೆ ಬಿಡುವುದಿಲ್ಲ. ಗೊತ್ತಿಲ್ಲದವರು ಜಿಡ್ಡುವಾಸನೆ ಎನ್ನುತ್ತಾರೆ. ನಮ್ಮ ಮಾಗಡಿ ಕಡೆ ಅದಕ್ಕೆ ಸೊಗಡು ಎಂದು ಹೆಸರು. ಇಬ್ಬನಿ ಚೆನ್ನಾಗಿ ಬಿದ್ದ ವರ್ಷ ಸೊಗಡೂ ಜಾಸ್ತಿ, ಸಾರಿನ ರುಚಿಯೂ ಜಾಸ್ತಿ. ಮೊನ್ನೆ ಮೈಸೂರಿನ ನನ್ನ ಮನೆಯಲ್ಲಿ ಮೊರ ಮುಂದಿಟ್ಟುಕೊಂಡು ಕೂತು ಈ ವರ್ಷದ ಮೊದಲ ಅವರೆ ಸುಲಿದೆ. ಕೈ ಮೂಸಿದಾಗ ಹುಟ್ಟಿದೂರು ನೆನಪಾಗಬೇಕಿತ್ತು. ನೆನಪಾದದ್ದು ಕಾಶಿ. ಅಸ್ಸಿಯ ಒಂದು ಗಲ್ಲಿ, ಮಂಜು ಇಳಿದ ಅಂಗಳ, ಮತ್ತು ನನ್ನ ಬಲಗೈ.

ಎರಡು ಸಾವಿರದ ದಶಕದ ನಡುವಿನ ಮಾತು. ನಾನು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಗಣಿತದ ಪಾಠ ಮಾಡುತ್ತಿದ್ದೆ. ಇದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ, ಯಾಕೆಂದರೆ ನನಗಿಂತ ಮುಂಚೆ ನಮ್ಮ ಮನೆಯಲ್ಲಿ ಯಾರೂ ಹೈಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲ. ಅಪ್ಪ ಬೇಗ ಹೋಗಿಬಿಟ್ಟ. ಅವ್ವ ಕಂಡವರ ಹೊಲದಲ್ಲಿ ಕಳೆ ಕಿತ್ತು, ರಾಗಿ ಕುಯ್ದು ನನ್ನನ್ನು ಓದಿಸಿದಳು. ರಜೆಯಲ್ಲಿ ನಾನೂ ಬರುತ್ತೇನೆ ಎಂದರೆ ಕುಡುಗೋಲು ತೋರಿಸಿ ಗದರುತ್ತಿದ್ದಳು. ಮನೆಯ ಹಿಂದೆ ಬಚ್ಚಲ ನೀರು ಹರಿಯುವ ಕಡೆ ಒಂದಿಷ್ಟು ಹೀರೆ, ಕುಂಬಳ, ಅವರೆ ಹಾಕಿಕೊಳ್ಳುವುದೊಂದೇ ನನಗೆ ಕೊಟ್ಟಿದ್ದ ಸಲಿಗೆ. ನನಗೆ ಅದರದೇ ಹುಚ್ಚು. ಎದ್ದ ಕೂಡಲೇ ಹೋಗಿ ಬಳ್ಳಿ ಎಷ್ಟು ಏರಿದೆ ಎಂದು ಗೇಣು ಹಾಕಿ ನೋಡುತ್ತಿದ್ದೆ. ಹಾಸ್ಟೆಲ್ ಸೇರಿದ ಮೇಲೆ ಅದೂ ನಿಂತಿತು. ಆಮೇಲೆ ಮೈಸೂರು, ಆಮೇಲೆ ಕಾಶಿ. ಕೈಗೆ ಮಣ್ಣಿನ ಬದಲು ಸೀಮೆಸುಣ್ಣ ಅಂಟಿತು. ಅವ್ವನಿಗೆ ಬೇಕಾಗಿದ್ದೂ ಅದೇ.

ಕೆಲಸ ಸಿಕ್ಕ ಹೊಸದರಲ್ಲಿ ಅವಳನ್ನು ಒಮ್ಮೆ ಕಾಶಿಗೆ ಕರೆಸಿದ್ದೆ. ಗಂಗೆಯಲ್ಲಿ ಮುಳುಗಿದ್ದಕ್ಕಿಂತ ನನ್ನ ಕ್ಲಾಸಿನ ಬಾಗಿಲಲ್ಲಿ ನಿಂತು ಇಣುಕಿದ್ದೇ ಅವಳಿಗೆ ದೊಡ್ಡ ಯಾತ್ರೆ. ಪಾಠ ಮುಗಿಸಿ ಹೊರಗೆ ಬಂದರೆ ಅವ್ವ ಬೋರ್ಡನ್ನೇ ನೋಡುತ್ತಿದ್ದಳು.

"ಅಷ್ಟೂ ನೀನೇ ಬರ್ದಿದ್ದಾ?"

"ಇನ್ಯಾರು ಬರೀತಾರವ್ವ?"

"ಮೇಲ್ಗಂಟ ಬರ್ದಿದ್ದೀಯಲ್ಲೇ!"

ಓದಲು ಬಾರದ ಅವ್ವ ನನ್ನ ವಿದ್ಯೆಯನ್ನು ಬೋರ್ಡಿನ ಎತ್ತರದಲ್ಲಿ ಅಳೆದಿದ್ದಳು. ಊರಿಗೆ ಹೋಗಿ ಎಲ್ಲರಿಗೂ ಹೇಳಿದ್ದೂ ಅದನ್ನೇ. ನನ್ನ ಮಗಳು ಗೋಡೆಯಷ್ಟು ಬೋಲ್ಡನ್ನು ಮೇಲಿಂದ ಕೆಳಗಂಟ ತುಂಬಿಸ್ತಾಳೆ ಎಂದು.

ಆ ಬಲಗೈಯೇ ಆ ವರ್ಷ ಮುಷ್ಕರ ಹೂಡಿತು.

ಬೇಸಿಗೆಯ ಕೊನೆಯಲ್ಲಿ, ಸ್ನಾನ ಮಾಡುವಾಗ, ಬಲ ಎದೆಯಲ್ಲಿ ಗಂಟು ಸಿಕ್ಕಿತು. ಮಳೆ ಶುರುವಾಗುವ ಹೊತ್ತಿಗೆ ಆಸ್ಪತ್ರೆಯಲ್ಲಿದ್ದೆ. ಎದೆ ತೆಗೆದರು, ಕಂಕುಳಿನ ಗಂಟುಗಳನ್ನೂ ತೆಗೆದರು. ಬೇಗ ಗೊತ್ತಾಯಿತು, ಮಾತ್ರೆ ಸಾಕು ಎಂದರು. ಅಷ್ಟರ ಮಟ್ಟಿಗೆ ನಾನು ಪುಣ್ಯವಂತೆ. ಆಪರೇಷನ್ ಮಾಡಿದ ಡಾಕ್ಟರು ನಮ್ಮ ಧಾರವಾಡದವರು. ಆ ದೂರದ ಊರಿನಲ್ಲಿ ಮಂಪರು ಇಳಿಯುವಾಗ ಕಿವಿಗೆ ಬಿದ್ದ ಮೊದಲ ಮಾತು ಕನ್ನಡದ್ದು: "ಏನ್ರಿ ಮೇಡಂ, ಎದ್ರಿ ಏನು? ಎಲ್ಲಾ ಛಲೋ ಆತು."

ಸುದ್ದಿ ತಿಳಿದ ಅವ್ವ ಮಾಗಡಿಯಿಂದ ಬಸ್ಸು ಹಿಡಿದು, ರೈಲು ಬದಲಿಸಿ ಬದಲಿಸಿ, ಯಾರ ಯಾರನ್ನೋ ಕೇಳಿಕೊಂಡು, ಒಬ್ಬಳೇ ಬಂದಳು. ಬಗಲಲ್ಲಿ ಒಂದು ಬಟ್ಟೆ ಗಂಟು, ತಲೆಯ ಮೇಲೆ ರಾಗಿಹಿಟ್ಟು, ಹುರುಳಿ, ಒಣ ಅವರೆಕಾಳಿನ ಚೀಲ. ನನ್ನ ಪಟ್ಟಿ ಕಟ್ಟಿದ ಎದೆಯನ್ನು ನೋಡಿ ಅಳಲಿಲ್ಲ. ಮಂಚದ ಅಂಚಿನಲ್ಲಿ ಕೂತು ಹೇಳಿದಳು: "ನೋಡು ಮಗ, ಕಾಶಿಗೆ ಜನ ಸಾಯಕ್ಕೆ ಬತ್ತಾರೆ. ನೀನು ಬದುಕಕ್ಕೆ ಬಂದೋಳು. ಅಷ್ಟ್ ನೆಪ್ಪಲ್ಲಿಟ್ಕ."

ಮನೆ ಅಸ್ಸಿಯ ಗಲ್ಲಿಯೊಳಗಿತ್ತು. ಕೆಳಗೆ ನಾನು, ಮೇಲೆ ಮನೆಯ ಒಡತಿ ಮಿಶ್ರಾಯಿನ್ ಚಾಚಿ. ಗಂಡ ತೀರಿಹೋದ ಮೇಲೆ ಬಾಡಿಗೆದಾರರನ್ನೇ ಬಳಗ ಮಾಡಿಕೊಂಡ ಹೆಂಗಸು. ಚಾಚಿ ಎಂದರೆ ಚಿಕ್ಕಮ್ಮ. ಅದು ಅವರ ಹೆಸರೆಂದು ತಿಳಿದ ಅವ್ವ, ಮರ್ಯಾದೆಗೆ ಅಮ್ಮ ಸೇರಿಸಿ 'ಚಾಚಮ್ಮ' ಎನ್ನುತ್ತಿದ್ದಳು. ಅವರು ಅವ್ವನನ್ನು ತಂಗಿಯೆಂದು 'ಬಹಿನ್' ಎನ್ನುತ್ತಿದ್ದರು. ಇವಳು ಕನ್ನಡದಲ್ಲಿ, ಅವರು ಭೋಜಪುರಿಯಲ್ಲಿ, ಮಧ್ಯಾಹ್ನವಿಡೀ ಮಾತಾಡುತ್ತಿದ್ದರು. ಇಬ್ಬರಿಗೂ ಮೊಣಕಾಲು ನೋವಿತ್ತು. ಅದಕ್ಕೆ ಭಾಷೆ ಬೇಕಾಗಲಿಲ್ಲ.

ಮನೆಯ ನಡುವೆ ಚಿಕ್ಕ ಅಂಗಳ. ಮಂಗಗಳು ಇಳಿಯದಂತೆ ಅದರ ಮೇಲೆ, ಚಾಚಿಯ ಮನೆಯ ನೆಲದ ಮಟ್ಟಕ್ಕೆ, ಕಬ್ಬಿಣದ ಜಾಲರಿ, ಅಲ್ಲಿಯವರ ಮಾತಲ್ಲಿ ಜಾಲಿ. ಜಾಲಿಯ ಕಿಂಡಿಯಲ್ಲಿ ಆಕಾಶ ಚೌಕ ಚೌಕವಾಗಿ ಕಾಣುತ್ತಿತ್ತು. ಒಂದು ಮೂಲೆಯಲ್ಲಿ ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕ ಇಟ್ಟಿಗೆ ಕಿತ್ತುಹೋಗಿ ಬರೀ ಮಣ್ಣಾದ ಒಂದು ತುಂಡು ಜಾಗ.

ಗಾಯ ಮಾಗುತ್ತ ಬಂತು, ಕೈ ಮಾತ್ರ ಮೇಲೆ ಏಳಲಿಲ್ಲ. ಕಂಕುಳಿನಿಂದ ಮೊಣಕೈವರೆಗೆ ಚರ್ಮದ ಕೆಳಗೆ ತಂತಿ ಬಿಗಿದ ಹಾಗೆ. ಆಸ್ಪತ್ರೆಯಲ್ಲಿ ಒಂದು ವ್ಯಾಯಾಮ ಹೇಳಿಕೊಟ್ಟಿದ್ದರು: ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಇರುವೆಯ ಹಾಗೆ ಮೇಲಕ್ಕೆ ನಡೆಸುವುದು, ಎಲ್ಲಿ ನಿಂತಿತೋ ಅಲ್ಲಿ ಗುರುತು ಹಾಕುವುದು. ನಾನು ಅಂಗಳದ ಆ ಮೂಲೆಯ ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೆ. ಮೊದಲ ಗೆರೆ ಸೊಂಟದ ಮಟ್ಟಕ್ಕೆ. ಆಮೇಲೆ ಹೊಟ್ಟೆ, ಆಮೇಲೆ ಭುಜ.

ಹಾಗೆ ನಿಂತಾಗೆಲ್ಲ ಕಣ್ಣು ಆ ತುಂಡು ಮಣ್ಣಿನ ಮೇಲೆ ಬೀಳುತ್ತಿತ್ತು. ಶ್ರಾವಣದ ಮಳೆ ಜಾಲಿಯ ಮೂಲಕ ಬಿದ್ದು ಅದನ್ನು ಮೆತ್ತಗೆ ಮಾಡಿತ್ತು. ಒಂದು ಬೆಳಗ್ಗೆ ಅಡುಗೆಮನೆಗೆ ಹೋಗಿ ಅವ್ವ ತಂದ ಚೀಲದಿಂದ ಒಂದು ಹಿಡಿ ಅವರೆಕಾಳು ತೆಗೆದುಕೊಂಡೆ. ಕೂತು ಎಡಗೈ ಬೆರಳಿನಿಂದ ಗುಳಿ ತೋಡುತ್ತಿದ್ದಾಗ ಅವ್ವ ಬಂದಳು.

"ಏನೇ ಅದು?"

"ಅವರೆ ಹಾಕ್ತಾ ಇದ್ದೀನಿ."

"ಏಳು ಮೇಲೆ. ಮಣ್ಣ್ ಮುಟ್ಬ್ಯಾಡ."

"ಡಾಕ್ಟ್ರು ಬಲಗೈಗೆ ಗಾಯ ಆಗಬಾರದು ಅಂದಿರೋದು. ಇದು ಎಡಗೈ."

"ನಿನ್ ಡಾಕ್ಟ್ರ ಮಾತಲ್ಲ ಕಣೆ ನಾನ್ ಆಡ್ತಿರೋದು." ಅವ್ವನ ದನಿ ಏರಿತು. "ನಿನ್ ಕೈಗೆ ಮಣ್ಣಾಗಬಾರ್ದು ಅಂತ ನಾನು ಎಷ್ಟ್ ಹೊಲ ಕೆರೆದಿದ್ದೀನಿ ಗೊತ್ತಾ? ಈಗ ಕಾಶಿಗ್ ಬಂದು ಕುಕ್ಕರುಗಾಲಲ್ಲಿ ಕೂತು ಕೂಲಿಯೋಳಂಗೆ ಮಣ್ಣ್ ಕೆದಕ್ತೀಯಾ?"

ನನಗೂ ಸಿಟ್ಟು ಬಂತು. ಕಾಯಿಲೆಯವರಿಗೆ ಬೇಗ ಬರುತ್ತದೆ. "ಎರಡು ತಿಂಗಳಿಂದ ಬೇರೆಯವರು ಹೇಳಿದ್ದನ್ನೇ ಮಾಡ್ತಾ ಇದ್ದೀನವ್ವ. ಮಲಗು ಅಂದ್ರೆ ಮಲಗಿದೆ, ಬಿಚ್ಚು ಅಂದ್ರೆ ಬಿಚ್ಚಿದೆ. ನಾನಾಗೇ ಮಾಡ್ಬೇಕು ಅನ್ನಿಸಿದ್ದು ಇದೊಂದೇ."

ಅವ್ವ ಒಳಗೆ ಹೋದಳು. ನಾನು ಕಾಳು ಊರಿದೆ.

ಮುಂದಿನ ಸಲ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಹೇಳಿದೆ. ಅವರು ಕೂಡಲೇ, "ಮಣ್ಣಾಗ ಕೈ ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಕೈಗವಸ ಹಾಕ್ಕೋರಿ. ಈ ಕೈಗೆ ಒಂದ ಮುಳ್ಳ ಸೈತ ಚುಚ್ಚಬಾರ್ದು. ಚುಚ್ಚಿದ್ರ ಕೈ ಆನಿ ಕಾಲ ಆಗತದ, ತಿಳೀತ್ರಿ?" ಎಂದರು. ವಿಶ್ವವಿದ್ಯಾಲಯದ ಹೆಬ್ಬಾಗಿಲ ಮುಂದಿನ ಲಂಕಾ ಪೇಟೆಯ ಮೆಡಿಕಲ್ ಅಂಗಡಿಯಲ್ಲಿ ರಬ್ಬರಿನ ಕೈಗವಸು ಕೊಂಡೆ. ಅದನ್ನು ತೊಟ್ಟು ನಾನು ಕಳೆ ಕೀಳುವುದನ್ನು ಕಂಡು ಅವ್ವ ನಕ್ಕುಬಿಟ್ಟಳು. "ಕೈಗೆ ಕಾಲ್ಚೀಲ ಹಾಕ್ಕಂಡು ಯವಸಾಯ! ನಿಮ್ಮಪ್ಪ ಇದ್ದಿದ್ರೆ ಊರಿಗೆಲ್ಲಾ ಹೇಳ್ಕಂಡು ನಗೋನು."

ನಕ್ಕ ಮೇಲೆ ಜಗಳ ಎಲ್ಲಿ ಉಳಿಯುತ್ತದೆ? ಭಾದ್ರಪದದ ಪ್ರವಾಹ ಇಳಿದು ಘಾಟಿನ ಮೆಟ್ಟಿಲುಗಳ ಮೇಲೆ ಗಂಗೆಯ ಕೆಸರು ದಪ್ಪಗೆ ನಿಂತಿತ್ತು. ಪೈಪು ಹಿಡಿದು ಅದನ್ನೆಲ್ಲ ಮತ್ತೆ ನದಿಗೆ ತೊಳೆಯುತ್ತಿದ್ದವರ ನಡುವೆ ಅವ್ವ ಒಂದು ಬಾಂಡ್ಲಿ ಹಿಡಿದು ನಿಂತಳು. ಸೊಂಟದ ಮೇಲೆ ಇಟ್ಟುಕೊಂಡು ತಂದ ಮಣ್ಣನ್ನು ತಾನೇ ಬುಡಕ್ಕೆ ಸುರಿದಳು. "ಇದು ಗಂಗವ್ವನ ಮಣ್ಣು, ಕೂಲಿ ಮಣ್ಣಲ್ಲ" ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಊರಿನ ಕೆಮ್ಮಣ್ಣಿನಲ್ಲಿ, ರಾಗಿ ಸಾಲುಗಳ ನಡುವೆ ಅಕ್ಕಡಿಯಾಗಿ ಸೊಂಟದೆತ್ತರಕ್ಕೆ ನಿಲ್ಲುತ್ತಿದ್ದ ಅವರೆ ಅದು. ಗಂಗೆಯ ಮಣ್ಣು ತಿಂದು ಸೊಕ್ಕಿ ಬಳ್ಳಿಯಾಯಿತು. ನಾನು ಕಟ್ಟಿದ ಹುರಿಗೆ ಸುತ್ತಿಕೊಂಡು ನನ್ನ ಸೀಮೆಸುಣ್ಣದ ಗೆರೆಗಳ ಪಕ್ಕದಲ್ಲೇ ಗೋಡೆ ಹತ್ತಿತು. ಮೊದಮೊದಲು ನಾನೇ ಮುಂದಿದ್ದೆ. ನವರಾತ್ರಿಗೆ ಅದು ನನ್ನ ಭುಜದ ಗೆರೆಯನ್ನು ಮುಟ್ಟಿತು. ದೀಪಾವಳಿಗೆ ನನ್ನನ್ನು ದಾಟಿ ಜಾಲಿಯ ಕಡೆಗೆ ಹೋಯಿತು. ನನ್ನ ಗೆರೆಗಳು ಕಣ್ಣಿನ ಮಟ್ಟದಲ್ಲಿ ಒಂದರ ಮೇಲೊಂದು ಬಿದ್ದು ದಪ್ಪಗಾದವು. ಅಲ್ಲಿಂದ ಮೇಲೆ ಕೈ ಹೋಗಲಿಲ್ಲ. ಜಗ್ಗಿದರೆ ಏನೋ ಹರಿದುಹೋಗುತ್ತದೆ ಎಂಬ ಭಯ. ಹೊಲಿಗೆ ಬಿಚ್ಚಿ ಮತ್ತೆ ಆ ಮೇಜಿನ ಮೇಲೆ ಮಲಗಿದ ಹಾಗೆ ಕನಸು. ಕೊನೆಗೆ ಒಂದು ದಿನ ವ್ಯಾಯಾಮವನ್ನೇ ಬಿಟ್ಟೆ. ಸೀಮೆಸುಣ್ಣದ ತುಂಡು ಕಿಟಕಿಯ ಮೇಲೆ ಹಾಗೇ ಬಿದ್ದಿತ್ತು.

ಜನವರಿಯಲ್ಲಿ ಕೆಲಸಕ್ಕೆ ಮರಳಬೇಕಿತ್ತು. ವಿಭಾಗದ ಮುಖ್ಯಸ್ಥರು ಮನೆಗೇ ಬಂದು, ಬೇಸರವಾಗದಂತೆ ಹೇಳಿದರು: ಬೋರ್ಡಿನ ಮೇಲೆ ಬರೆಯಲು ಕಷ್ಟವಾದರೆ ಕ್ಲಾಸು ಬೇಡ, ಪರೀಕ್ಷೆ ಮತ್ತು ಟೈಂಟೇಬಲ್ಲಿನ ಕೆಲಸ ನೋಡಿಕೊಳ್ಳಿ, ಗೌರವಕ್ಕೆ ಏನೂ ಕಮ್ಮಿಯಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಬೋರ್ಡಿಲ್ಲದ ಗಣಿತದ ಮೇಷ್ಟ್ರು ಎಂದರೆ ಏನು? ಎಡಗೈಯಲ್ಲಿ ಬರೆದು ನೋಡಿದೆ, ಒಂದನೇ ಕ್ಲಾಸಿನ ಮಗುವಿನ ಅಕ್ಷರ. ಅವ್ವನಿಗೆ ಇದನ್ನು ಹೇಳಲಿಲ್ಲ. ಹೇಳದಿದ್ದರೂ ಅವಳಿಗೆ ತಿಳಿದಿತ್ತು. ಹಿಂದಿ ಬಾರದಿದ್ದರೂ ಮುಖ್ಯಸ್ಥರು ಬೋರ್ಡು ಎಂದಾಗ ನನ್ನ ಮುಖ ನೋಡಿದ್ದಳು.

ಚಳಿ ಬಿತ್ತು. ಕಾಶಿಯ ಮಂಜು ಎಂದರೆ ಎದುರಿನ ಮನೆಯೇ ಕಾಣುವುದಿಲ್ಲ. ಜಾಲಿಯಿಂದ ಹನಿ ತೊಟ್ಟಿಕ್ಕುತ್ತದೆ. ನಾನು ಗಡಗಡ ನಡುಗುತ್ತಿದ್ದರೆ ಅವ್ವ ಬಳ್ಳಿಯ ಮುಂದೆ ನಿಂತು ಮಂಜಿಗೆ, "ಹುಯ್ಯಿ ತಾಯಿ, ಹುಯ್ಯಿ, ಸೊಗಡು ಬರ್ಲಿ" ಎನ್ನುತ್ತಿದ್ದಳು. ನೇರಳೆ ಹೂ ಗೊಂಚಲಾಗಿ ಬಿಟ್ಟಿತು, ಆಮೇಲೆ ಕಾಯಿ. ಕಾಯಿಯ ಬೆನ್ನು ಸವರಿ ನೋಡಿ, "ಇನ್ನೂ ತುಂಬಿಲ್ಲ, ತಡಿ" ಎನ್ನುತ್ತಿದ್ದಳು. ಅವ್ವ ಊರಿಗೆ ಹೊರಡುವ ದಿನ ಗೊತ್ತಾಗಿತ್ತು. ಹೊರಡುವ ಮುಂಚೆ ನನಗೆ ಹಿತಕಿದ ಬೇಳೆ ಸಾರು ಮಾಡಿ ಉಣಿಸಿಯೇ ಹೋಗುತ್ತೇನೆ ಎಂದು ಅವಳ ಹಟ. ಕಾಳನ್ನು ನೆನೆಹಾಕಿ, ಒಂದೊಂದನ್ನೂ ಬೆರಳಲ್ಲಿ ಹಿತುಕಿ ಸಿಪ್ಪೆಯಿಂದ ಬೇಳೆ ಜಿಗಿಸುವ ಆ ಸಾರು ಕಾಯಿಲೆಯಿಂದ ಎದ್ದವರಿಗೆ ನಾಲಗೆ ಮರಳಿ ಕೊಡುತ್ತದೆ ಎಂದು ಅವಳ ನಂಬಿಕೆ.

"ನಾಳೆ ಕುಯ್ಯಣ" ಎಂದ ದಿನ ನಾವಿಬ್ಬರೂ ತಪಾಸಣೆಗೆಂದು ಆಸ್ಪತ್ರೆಗೆ ಹೋದೆವು. ಡಾಕ್ಟರು ನನ್ನ ಕೈ ಎತ್ತಿಸಿದರು, ಕಣ್ಣಿನ ಮಟ್ಟಕ್ಕೆ ನಿಂತಿತು.

"ಗಾಯ ಛಲೋ ಮಾಗೇದ. ಕೈ ಯಾಕ್ರಿ ಹಿಂಗ?"

"ಹರಿದು ಹೋಗುತ್ತೇನೋ ಅಂತ…"

"ಹರಿಯೂದಿಲ್ರಿ! ನಾ ಹೊಲದದ್ದು, ನನಗ ಗೊತ್ತಿಲ್ಲೇನು? ನೋವ ಆಗತದ, ಆಗಲಿ. ಈಗ ಬಿಡಿಸ್ಲಿಲ್ಲಂದ್ರ ಹಿಂಗ ಸೆಟದು ನಿಂತ ಬಿಡತದ. ಆಮ್ಯಾಲ ನನ್ನ ಕೈಯಾಗೂ ಇಲ್ಲ, ಆ ವಿಶ್ವನಾಥನ ಕೈಯಾಗೂ ಇಲ್ಲ."

ರಿಕ್ಷಾ ಹಿಡಿದು ಮನೆಗೆ ಬಂದೆವು.

ಅಂಗಳಕ್ಕೆ ಕಾಲಿಟ್ಟರೆ ಬಳ್ಳಿ ಬೋಳು. ಕಣ್ಣೆದುರಿಗೆ ಒಂದು ಕಾಯಿ ಇಲ್ಲ. ಎಲೆಗಳು ಮಾತ್ರ ತೂಗುತ್ತಿವೆ. ಚಾಚಿ ಮೇಲಿಂದ ಸಂಭ್ರಮದಿಂದ ಇಳಿದು ಬಂದರು, ಕೈಯಲ್ಲಿ ಬಿಸಿ ಬಟ್ಟಲು. ಸಾಸಿವೆ ಎಣ್ಣೆಯ ಘಾಟು.

"ಲೋ ಬಿಟಿಯಾ, ಸೇಮ್ ಆಲೂ!" ಎಂದರು, ತಗೋ ಮಗಳೇ, ಅವರೆಕಾಯಿ ಆಲೂಗಡ್ಡೆ ಪಲ್ಯ ಎಂದು. ದಕ್ಷಿಣದವರಾದ ನಮಗೆ ಸೇಮ್ ಕೀಳುವ ಹೊತ್ತು ಗೊತ್ತಿಲ್ಲವೆಂದು ಅವರಿಗೆ ಎಷ್ಟೋ ದಿನದಿಂದ ಸಂಕಟವಂತೆ. ಅಲ್ಲಿ ಅವರೆಯನ್ನು ಎಳೆಯದಾಗಿ, ಸಿಪ್ಪೆ ಸಮೇತ ತಿನ್ನುತ್ತಾರೆ. ಒಳಗೆ ಕಾಳು ಬಲಿಯಿತೆಂದರೆ ಅದು ಹಾಳಾದ ತರಕಾರಿ. ನಾವು ಇಲ್ಲದ ಹೊತ್ತು ನೋಡಿ, ಕಾಯಿಲೆಯ ಹುಡುಗಿಗೆ ಆಯಾಸವಾಗದಿರಲಿ ಎಂದು, ನೋಯುವ ಮೊಣಕಾಲಲ್ಲಿ ನಿಂತು ತಾವೇ ಎಲ್ಲ ಕಿತ್ತಿದ್ದರು.

"ಬಲಿತ ಕಾಯಿಗಳಿದ್ದವಲ್ಲ ಚಾಚಿ, ಅವು?" ಎಂದು ಕೇಳಿದೆ.

"ಅವೆಲ್ಲ ಕೆಟ್ಟಿದ್ದವು ಬಿಟಿಯಾ. ಗಲ್ಲಿಯ ಹಸುವಿಗೆ ಹಾಕಿದೆ. ಪಾಪ, ಎಷ್ಟು ಚೆನ್ನಾಗಿ ತಿಂತು!"

ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವಳು ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಳು. ಆಮೇಲೆ ಚಾಚಿಯ ಕಡೆ ತಿರುಗಿ, ಊರಿನ ಹೊಲದಲ್ಲಿ ಕಳ್ಳರಿಗೆ ಬಯ್ಯುವ ದನಿಯಲ್ಲಿ ಶುರುಮಾಡಿದಳು: "ಅಯ್ಯೋ ನಿನ್ ಮನೆ ಕಾಯ್ವಾಗ, ಚಾಚಮ್ಮ! ನಿನ್ ಕೈ ಸೇ…"

ಅಲ್ಲಿಗೇ ನಿಂತಳು. ಕೈ ಸೇದೋಗ, ಅಂದರೆ ಕೈ ಸೆಟೆದುಹೋಗಲಿ, ಎಂಬುದು ನಮ್ಮ ಕಡೆ ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಬೈಗುಳ. ಅವಳ ಕಣ್ಣು ನನ್ನ ಬಲಗೈ ಮೇಲಿತ್ತು. ನಾಲಗೆ ಕಚ್ಚಿಕೊಂಡು, ಸೆರಗಿನಿಂದ ಬಾಯಿ ಒರೆಸಿ, ಚಾಚಿಯ ಕೈಯಿಂದ ಬಟ್ಟಲು ತೆಗೆದುಕೊಂಡಳು. ಚಾಚಿ ಅದನ್ನೆಲ್ಲ ಹೊಗಳಿಕೆ ಎಂದುಕೊಂಡು, "ಅರೇ ಬಹಿನ್, ಇದರಲ್ಲಿ ಏನು" ಎನ್ನುತ್ತ ಮೇಲೆ ಹೋದರು. ಆ ಸೇಮ್ ಆಲೂ ರುಚಿಯಾಗಿಯೇ ಇತ್ತು. ಅವ್ವ ಮುಟ್ಟಲಿಲ್ಲ.

ಮರುದಿನ ಬೆಳಗ್ಗೆ ಹಲ್ಲುಜ್ಜುತ್ತ ಅಂಗಳಕ್ಕೆ ಬಂದು ತಲೆ ಎತ್ತಿದೆ. ಮಂಜಿನೊಳಗೆ, ಜಾಲಿಯ ಕೆಳಗೆ, ಬಳ್ಳಿಯ ತುದಿಯಲ್ಲಿ ಕಾಯಿಗಳು ಗೊಂಚಲು ಗೊಂಚಲಾಗಿ ತೂಗುತ್ತಿದ್ದವು. ದಪ್ಪಗೆ ತುಂಬಿ, ಅಂಚು ಕೆಂಪಾಗಿದ್ದವು. ಚಾಚಿ ಕುಳ್ಳಗಿನ ಹೆಂಗಸು. ಕೈಗೆಟುಕಿದ್ದನ್ನು ಕಿತ್ತಿದ್ದರು, ಎಟುಕದ್ದು ಉಳಿದಿತ್ತು.

ಅವ್ವ ಕೋಲು ತಂದಳು. "ಬೇಡವ್ವ, ಬಳ್ಳಿಯೇ ಹರಿದು ಬರುತ್ತೆ, ಮೇಲೆ ಇನ್ನೂ ಹೂವಿದೆ" ಎಂದೆ. ಅವಳು ಚಾಚಿಗಿಂತ ಕುಳ್ಳಿ. ನಾನು ಅಪ್ಪನ ಹಾಗೆ ಉದ್ದ. ಕೈಗವಸು ತೊಟ್ಟು ಒಗೆಯುವ ಕಲ್ಲಿನ ಮೇಲೆ ಹತ್ತಿದೆ. ಪಾಚಿಗಟ್ಟಿದ ಕಲ್ಲು. ಎಡಗೈಯಲ್ಲಿ ಕಿಟಕಿಯ ಸರಳು ಹಿಡಿಯಲೇಬೇಕು, ಬಿಟ್ಟರೆ ಬೀಳುತ್ತೇನೆ. ಉಳಿದದ್ದು ಬಲಗೈ.

ಗೋಡೆಗೆ ಬೆರಳಿಟ್ಟು ನಡೆಸಿದೆ. ಭುಜ ದಾಟಿತು. ಕಣ್ಣಿನ ಮಟ್ಟಕ್ಕೆ ಬಂದು, ಅಭ್ಯಾಸವಾದ ಜಾಗದಲ್ಲಿ, ನಿಂತಿತು. ಕಂಕುಳಿನ ತಂತಿ ಬಿಗಿಯಿತು.

ಕೆಳಗಿನಿಂದ ಅವ್ವ ನನ್ನ ಕಾಲು ತಬ್ಬಿ ಹಿಡಿದು, "ಸಾಕು ಇಳಿ ಮಗ, ಸಾರು ಬ್ಯಾಡ ಏನೂ ಬ್ಯಾಡ" ಎಂದಳು.

ಅಷ್ಟರಲ್ಲಿ ಮೇಲಿಂದ ಚಾಚಿಯ ಮುಖ ಜಾಲಿಗೆ ಅಂಟಿಕೊಂಡಿತು. ನಾನು ಏನು ಮಾಡುತ್ತಿದ್ದೇನೆ, ಯಾಕೆ ಮಾಡುತ್ತಿದ್ದೇನೆ, ಒಂದೂ ಅವರಿಗೆ ತಿಳಿಯದು. ಆದರೆ ಕೈ ಏರುತ್ತಿರುವುದು ಕಂಡಿತು. "ಔರ್ ಥೋಡಾ ಬಿಟಿಯಾ! ಔರ್ ಥೋಡಾ!" ಎಂದು ಕೂಗಿದರು. ಅಷ್ಟಕ್ಕೇ ಬಿಡದೆ ನೆಲದ ಮೇಲೆ ಮಲಗಿ, ಕಿಂಡಿಯಲ್ಲಿ ಬೆರಳು ತೂರಿಸಿ, ಒಂದು ಗೊಂಚಲನ್ನು ನನ್ನ ಕಡೆಗೆ ಕೆಳಕ್ಕೆ ತಳ್ಳಿದರು.

ಕೆಳಗೆ ಒಬ್ಬಳು ಇಳಿ ಎನ್ನುತ್ತಿದ್ದಾಳೆ, ಮೇಲೆ ಒಬ್ಬರು ಏರು ಎನ್ನುತ್ತಿದ್ದಾರೆ. ನಾನು ಹಲ್ಲು ಕಚ್ಚಿ ಜಗ್ಗಿದೆ. ಒಳಗೆ ಆ ತಂತಿ ಚಟ್ ಎಂದಿತು. ಹಳೆಯ ಸೀರೆ ಹರಿಯುವಾಗ ಆಗುವ ಹಾಗೆ. ಕಣ್ಣಿಗೆ ಕತ್ತಲೆ ಕಟ್ಟಿತು, ಕೂಗಿದೆ ಎಂದು ಕಾಣುತ್ತದೆ. ಮುಗಿಯಿತು, ಹೊಲಿಗೆ ಹೋಯಿತು ಎಂದುಕೊಂಡೆ. ಕಣ್ಣು ಬಿಟ್ಟರೆ ಕೈ ತಲೆಯ ಮೇಲಿತ್ತು. ಬೆರಳುಗಳಲ್ಲಿ ಒದ್ದೆಯಾದ, ತಣ್ಣಗಿನ ಅವರೆಕಾಯಿ.

ಒಂದು ಕಿತ್ತು ಕೆಳಗೆ ಹಾಕಿದೆ. ಅವ್ವ ನನ್ನ ಕಾಲು ಬಿಡದೆ ಮಡಿಲು ಒಡ್ಡಿದಳು. ಇನ್ನೊಂದು. ಮತ್ತೊಂದು. ಅಳುತ್ತ ಕಿತ್ತೆ. ನೋವಿಗೋ ಇನ್ನೇನಕ್ಕೋ ಈಗ ಹೇಳಲಾರೆ. ಬಿತ್ತನೆಗೆಂದು ತುದಿಯ ಗೊಂಚಲನ್ನು ಬಿಟ್ಟು ಇಳಿದೆ.

ಅವ್ವ ಮಡಿಲನ್ನು ಮೊರಕ್ಕೆ ಸುರಿದು ನೇರ ಕಿಟಕಿಗೆ ಹೋದಳು. ಸೀಮೆಸುಣ್ಣದ ತುಂಡನ್ನು ತೆಗೆದುಕೊಂಡಳು.

"ನಿಂತ್ಕ ಗೋಡೆಗೆ. ಎತ್ತು ಕೈ."

ಎತ್ತಿದೆ. ಏರಿತು. ಅವಳಿಗೆ ಅಲ್ಲಿಗೆ ಎಟುಕಲಿಲ್ಲ. ಮೊಣಕಾಲು ಹಿಡಿದುಕೊಂಡು ತಾನೇ ಕಲ್ಲು ಹತ್ತಿದಳು. ಈಗ ನಾನು ಎಡಗೈಯಿಂದ ಅವಳನ್ನು ಹಿಡಿದುಕೊಂಡೆ. ಸೀಮೆಸುಣ್ಣವನ್ನು ಕುಡುಗೋಲು ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿದು, ನನ್ನ ಬೆರಳ ತುದಿಯ ಮೇಲೆ ಒಂದು ಗೆರೆ ಎಳೆದಳು. ಸೊಟ್ಟ ಗೆರೆ. ಅವ್ವ ಸೀಮೆಸುಣ್ಣ ಹಿಡಿದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಸಾರು ಆಯಿತು. ಚಾಚಿಗೂ ಒಂದು ಬಟ್ಟಲು ಹೋಯಿತು. ಉಂಡ ಮೇಲೆ ಅವರು ಕೆಳಗೆ ಬಂದು, ಈ ಸಾರು ಯಾವುದರದು ಎಂದು ಕೇಳಿದರು. ಹೇಳಿದೆ. ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಹಣೆ ಚಚ್ಚಿಕೊಂಡರು. "ಹಾಯ್ ರಾಮ್! ಇದನ್ನು ನಾನು ಹಸುವಿಗೆ ಹಾಕಿದೆನಲ್ಲ!" ಅವ್ವನಿಗೆ ಅನುವಾದ ಬೇಕಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಕಾಶಿ ಬಿಡುವವರೆಗೂ ಪ್ರತಿ ಚಳಿಗಾಲ ಆ ಅಂಗಳದಲ್ಲಿ ಅವರೆ ಬೆಳೆಯಿತು. ಗಲ್ಲಿಯ ಹೆಂಗಸರು ಎಳೆಯ ಕಾಯಿಗೆ ಕೈ ಚಾಚಿದರೆ ಚಾಚಿ ಮೇಲಿಂದಲೇ ಗದರುತ್ತಿದ್ದರು: "ಮುಟ್ಟಬೇಡಿ, ಅದು ಬಹಿನ್‌ದು. ಬಲಿಯಬೇಕು."

ಸ್ಟೇಷನ್ನಿನಲ್ಲಿ, ಮಂಜಿನಿಂದ ತಡವಾದ ರೈಲಿಗೆ ಕಾಯುತ್ತ, ಅವ್ವ ನನ್ನ ಬಲಗೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ರೈಲು ಹತ್ತಿ ಕಿಟಕಿಯಲ್ಲಿ ಮುಖವಿಟ್ಟು ಹೇಳಿದ್ದು ಒಂದೇ ಮಾತು: "ಮೇಲ್ಗಂಟ ಬರಿ ಮಗ."

ಜನವರಿಯ ಮೊದಲ ಕ್ಲಾಸಿಗೆ ಬೇಗ ಹೋಗಿ ಖಾಲಿ ಬೋರ್ಡಿನ ಮುಂದೆ ನಿಂತೆ. ಅದು ಬಹಳ ಎತ್ತರ ಕಂಡಿತು. ಮನೆಯಿಂದ ಹೊರಡುವ ಮುಂಚೆ, ಬಿತ್ತನೆಗೆ ಬಿಟ್ಟಿದ್ದ ಗೊಂಚಲನ್ನು ಮುಟ್ಟಿ ನೋಡಿ ಬಂದಿದ್ದೆ, ಬೆರಳಲ್ಲಿ ಇನ್ನೂ ವಾಸನೆಯಿತ್ತು. ಹುಡುಗರು ಬಂದು ಕೂತರು. ಸ್ವೆಟರು, ಮಫ್ಲರು, ಕೆಮ್ಮು, ಬೆಂಚು ಎಳೆಯುವ ಸದ್ದು. ಅವರಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಮೇಡಂ ರಜೆಯಲ್ಲಿದ್ದರು, ಬಂದರು, ಅಷ್ಟೇ. ಬೆರಳನ್ನು ಬೋರ್ಡಿನ ಮೇಲೆ ನಡೆಸುತ್ತ ಕೈ ಎತ್ತಿದೆ. ಭುಜ. ಕಣ್ಣು. ನೆತ್ತಿ. ಮೇಲಿನ ಅಂಚಿಗೆ ತಾಗಿತು. ಅಲ್ಲಿಂದ ಮೊದಲ ಸಾಲು ಬರೆದೆ. ನೋವಿಗೆ ಅಕ್ಷರಗಳು ಸಣ್ಣಗೆ ಮುದುರಿಕೊಂಡು ಬಂದವು. ಬರೆದು ಮುಗಿಸಿ, ಉಸಿರು ಬಿಟ್ಟು, ತಿರುಗಿದೆ.

ಹಿಂದಿನ ಬೆಂಚಿನಿಂದ ಒಬ್ಬಳು ಹುಡುಗಿ ಎದ್ದು ನಿಂತಳು.

"ಮ್ಯಾಡಂ, ಏನೂ ಕಾಣ್ತಿಲ್ಲ. ಥೋಡಾ ಬಡಾ ಲಿಖಿಯೇ."

ಡಸ್ಟರು ತೆಗೆದುಕೊಂಡು ಅಷ್ಟನ್ನೂ ಅಳಿಸಿದೆ. ಮತ್ತೆ ಮೇಲಿನ ಅಂಚಿನಿಂದ ಶುರುಮಾಡಿ, ದೊಡ್ಡದಾಗಿ ಬರೆದೆ.